ಮನ್ನದ ಪಕ್ಷ, ಯೋಸೇಫನ ಪಕ್ಷ

ಮಂಗಳೂರು ಕಡೆಯ ಬಾಸೆಲ್ ಮಿಶನ್ ಮನೆತನಗಳಲ್ಲಿ ರಾತ್ರಿ ಊಟಕ್ಕೆ ಮೊದಲು ಸತ್ಯವೇದ ಓದುವ ರೂಢಿಯುಂಟು. ನಮ್ಮಲ್ಲಿ ಓದಿ ಮುಗಿಸಿದ ಮೇಲೆ ಸಣ್ಣದೊಂದು ಜಗಳವೂ ಇರುತ್ತಿತ್ತು. ಅಪ್ಪ ಮನ್ನದ ಪಕ್ಷ, ಅಮ್ಮ ಯೋಸೇಫನ ಪಕ್ಷ. ಅರಣ್ಯದಲ್ಲಿ ಇಸ್ರಾಯೇಲರಿಗೆ ಅಂದಂದಿನ ಆಹಾರ ಅಂದಂದೇ ಸಿಕ್ಕಿತು, ನಾಳೆಗಿರಲಿ ಎಂದು ಎತ್ತಿಟ್ಟವರ ಮನ್ನಕ್ಕೆ ಹುಳ ಬಿತ್ತು, ಆದ್ದರಿಂದ ಕೂಡಿಡುವುದೆಂದರೆ ದೇವರನ್ನೇ ನಂಬದಿರುವುದು ಎಂದು ಅಪ್ಪನ ವಾದ. ಸಂಬಳದ ಸಂಜೆ ಅವರು ಅಂಜಲ್ ಮೀನು ಹಿಡಿದುಕೊಂಡು ಬರುತ್ತಿದ್ದುದು ಈ ವಾದದ ಬಲದ ಮೇಲೆಯೇ. ಅಮ್ಮನಿಗೆ ಮಾತ್ರ, ಏಳು ಸುಭಿಕ್ಷದ ವರ್ಷಗಳಲ್ಲಿ ಬೆಳೆಯ ಐದರಲ್ಲೊಂದು ಪಾಲು ಕಣಜಕ್ಕೆ ತುಂಬಿಸಿ ಐಗುಪ್ತವನ್ನು ಬದುಕಿಸಿದ ಯೋಸೇಫನೇ ಆಗಬೇಕು. “ಆರನೇ ದಿನ ಎರಡರಷ್ಟು ಕೂಡಿಸಿಡಿ ಅಂತ ಹೇಳಿದ್ದೂ ಅದೇ ದೇವರಲ್ವಾ? ಅದಕ್ಕೆ ಯಾಕೆ ಹುಳ ಬೀಳಲಿಲ್ಲ?” ಎಂದು ಅವಳು ಕೇಳಿದರೆ ಅಪ್ಪ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಅಪ್ಪನಿಗೆ ಹಂಚಿನ ಕಾರ್ಖಾನೆಯಲ್ಲಿ ಕೆಲಸ. ಅಜ್ಜನೂ ಹಂಚಿನವರೇ. 1834ರಲ್ಲಿ ಬಾಸೆಲಿನ ಮಿಶನರಿಗಳು ಮಂಗಳೂರಿಗೆ ಬಂದಿಳಿದ ಮೇಲೆ ಕ್ರೈಸ್ತರಾದ ಅನೇಕರಿಗೆ ಮನೆಯೂ ಹೋಯಿತು, ಗೇಣಿಯ ಗದ್ದೆಯೂ ಹೋಯಿತು. ಬರೀ ಉಪದೇಶದಿಂದ ಹೊಟ್ಟೆ ತುಂಬುವುದಿಲ್ಲ ಎನ್ನುವುದು ಮಿಶನಿನವರಿಗೂ ಬೇಗ ತಿಳಿಯಿತು. ಹಾಗಾಗಿ ನೇಯ್ಗೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. 1914ರ ಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಸೆರೆಯಾದರು, ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಯುರೋಪಿನ ಯುದ್ಧದ ಬಿಸಿ ಜೆಪ್ಪುವಿನ ಗಂಜಿ ಪಾತ್ರೆಗೂ ತಟ್ಟಿತೆಂದು ಅಜ್ಜಿ ಹೇಳುತ್ತಿದ್ದಳು. ಕಷ್ಟಕಾಲ ನಮಗೆ ಪಿತ್ರಾರ್ಜಿತ. ಆಸ್ತಿ ಅಂತ ಬೇರೇನೂ ಇರಲಿಲ್ಲ.

ಹಂಚು ಮಾತ್ರ ಧಾರಾಳ. ಸುಡುವಾಗ ಸೊಟ್ಟಗಾದದ್ದು, ಮೂಲೆ ಮುರಿದದ್ದು ಕೆಲಸದವರಿಗೆ ಅಗ್ಗಕ್ಕೆ ಸಿಗುತ್ತಿತ್ತು. ನಮ್ಮ ಮಾಡಿನಲ್ಲಿ ನಾಲ್ಕಾರು ಕಾರ್ಖಾನೆಗಳ ಎರಡನೇ ದರ್ಜೆಯ ಹಂಚುಗಳು ಒಂದರ ಪಕ್ಕ ಒಂದು ಕೂತಿದ್ದವು. ಆಷಾಢದ ಮಳೆ ಯಾವ ಕಂಪೆನಿಗೂ ಪಕ್ಷಪಾತ ಮಾಡದೆ ಎಲ್ಲದರ ಸಂದಿಯಿಂದಲೂ ಒಳಗೆ ಬರುತ್ತಿತ್ತು.

ಊರಲ್ಲಿ ಕಾಂಕ್ರೀಟ್ ತಾರಸಿಗಳು ಎದ್ದವು, ಹಂಚು ಕೇಳುವವರು ಕಮ್ಮಿಯಾದರು, ಒಂದು ಮಳೆಗಾಲ ಅಪ್ಪನ ಕಾರ್ಖಾನೆಗೆ ಬೀಗ ಬಿತ್ತು. ಮನ್ನದ ಪಕ್ಷ ಠೇವಣಿ ಕಳೆದುಕೊಂಡದ್ದು ಆಗಲೇ. ಅಮ್ಮ ಸದ್ದಿಲ್ಲದೆ ಅಟ್ಟಕ್ಕೆ ಏಣಿ ಇಟ್ಟಳು. ಭರಣಿಯಲ್ಲಿ ಉಪ್ಪು ನೀರಿನ ಮಾವಿನಕಾಯಿ, ಇನ್ನೊಂದರಲ್ಲಿ ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಮೂಲೆಯಲ್ಲಿ ಕೆಮ್ಮಣ್ಣು ಮೆತ್ತಿ ರಾಶಿ ಹಾಕಿದ ಹಲಸಿನ ಬೀಜ, ತೊಲೆಯಿಂದ ತೆಂಗಿನ ಗರಿಯಲ್ಲಿ ಕಟ್ಟಿ ತೂಗುಬಿಟ್ಟ ಸೌತೆಕಾಯಿಗಳು. ದಿನವೂ ಅನ್ನಕ್ಕೆ ಹಾಕುವ ಮುಂಚೆ ಹಿಡಿ ಹಿಡಿಯಾಗಿ ತೆಗೆದಿಟ್ಟ ಕುಚ್ಚಲಕ್ಕಿ ಒಂದು ಡಬ್ಬಿ ತುಂಬ. ಅಪ್ಪ ಏಣಿಯ ಕೆಳಗೆ ನಿಂತು ಮೇಲೆ ನೋಡಿ, “ನೀನು ಯಾವಾಗ ಫರೋಹನ ಕೈಕೆಳಗೆ ಸೇರಿದ್ದು ಮಾರಾಯ್ತಿ?” ಎಂದರು.

ತೆಗೆದಿಟ್ಟದ್ದೆಲ್ಲ ಉಳಿಯುತ್ತಿತ್ತು ಎಂದೇನಿಲ್ಲ. ಸತ್ಯವೇದದ ಕಾಗೆಗಳು ಎಲೀಯ ಪ್ರವಾದಿಗೆ ಹೊತ್ತು ಹೊತ್ತಿಗೆ ರೊಟ್ಟಿ, ಮಾಂಸ ತಂದುಕೊಟ್ಟವು. ನಮ್ಮ ಅಂಗಳದ ಕಾಗೆಗಳದು ತದ್ವಿರುದ್ಧ ಸೇವೆ. ಬಿಸಿಲಿಗೆ ಹಾಕಿದ ಬಂಗುಡೆಯನ್ನು ಅವು ಎತ್ತಿಕೊಂಡು ಹಾರಿದಾಗಲೆಲ್ಲ ಅಮ್ಮ ಹಿಡಿಸೂಡಿ ಬೀಸುತ್ತ, “ಯಾವ ಪ್ರವಾದಿಗೆ ಒಯ್ಯುತ್ತೀರಿ?” ಎಂದು ಅರಚುತ್ತಿದ್ದಳು.

ಬಟ್ಟೆಗೂ ನಿವೃತ್ತಿಯಿರಲಿಲ್ಲ. ಖಾಕಿ ಬಣ್ಣ ಹುಟ್ಟಿದ್ದೇ ಮಂಗಳೂರಿನ ನಮ್ಮ ಮಿಶನಿನ ನೇಯ್ಗೆ ಕಾರ್ಖಾನೆಯಲ್ಲಿ ಎಂದು ನಮ್ಮವರು ಎದೆಯುಬ್ಬಿಸಿ ಹೇಳಿಕೊಳ್ಳುವುದುಂಟು. ಅಪ್ಪನ ಖಾಕಿ ಪ್ಯಾಂಟು ಮೊಣಕಾಲಲ್ಲಿ ಸವೆದರೆ ಅಣ್ಣನಿಗೆ ಚಡ್ಡಿ, ಚಡ್ಡಿ ಹಿಂಭಾಗದಲ್ಲಿ ಸವೆದರೆ ನನಗೆ ಶಾಲೆಯ ಚೀಲ, ಚೀಲದ ತಳ ಹೋದರೆ ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ. ಆ ಚೀಲದ ಒಂದು ಬದಿಗೆ ಪ್ಯಾಂಟಿನ ಜೇಬು ಹಾಗೇ ಉಳಿದಿತ್ತು. ಕ್ಲಾಸಿನಲ್ಲಿ ಜೇಬಿರುವ ಚೀಲ ನನ್ನದೊಂದೇ. ಅದರಲ್ಲಿ ಹುಣಸೆಬೀಜ ಇಡುತ್ತಿದ್ದೆ.

ಇಷ್ಟರ ನಡುವೆ ದಶಮಾಂಶದ ಪ್ರಶ್ನೆ ಎದ್ದಿತು. ಸೊನ್ನೆಯ ಹತ್ತನೆಯ ಒಂದು ಪಾಲೂ ಸೊನ್ನೆಯೇ ಎಂದು ಅಪ್ಪ ಲೆಕ್ಕ ಒಪ್ಪಿಸಿದರು. ಅಮ್ಮ ಒಪ್ಪಲಿಲ್ಲ. ಮನೆಯಲ್ಲಿ ಸಂಪಾದನೆಯಿದ್ದದ್ದು ಕೋಳಿಗೆ ಮಾತ್ರ. ಅದಿಡುವ ಪ್ರತಿ ಹತ್ತನೇ ಮೊಟ್ಟೆ ದೇವರದು ಎಂದು ತೀರ್ಮಾನವಾಯಿತು. ಅಣ್ಣನೂ ನಾನೂ ರಾತ್ರಿ ಕಣ್ಣು ಮುಚ್ಚಿ, ಒಂಬತ್ತಕ್ಕೇ ಕೋಳಿಗೆ ಕಾವು ಬರಲಿ ಎಂದು ಬೇಡಿಕೊಳ್ಳುತ್ತಿದ್ದೆವು. ತನಗೆ ನಷ್ಟವಾಗುವ ಪ್ರಾರ್ಥನೆಗೆ ದೇವರು ಕಿವಿಗೊಡಲಿಲ್ಲ.

ಆ ವರ್ಷದ ಬೆಳೆ ಹಬ್ಬಕ್ಕೆ ಅಮ್ಮ ಹಿತ್ತಿಲಿನ ಅತಿ ದೊಡ್ಡ ಚೀನಿಕಾಯಿಯನ್ನು ತೊಳೆದು, ಒರೆಸಿ, ತಲೆಯ ಮೇಲಿಟ್ಟುಕೊಂಡು ಇಗರ್ಜಿಗೆ ಒಯ್ದಳು. ಆರಾಧನೆ ಮುಗಿದ ಮೇಲೆ ಕಾಣಿಕೆಯ ವಸ್ತುಗಳ ಏಲಂ. ಬೆಳೆ ಹಬ್ಬದ ಏಲಂಗೆ ಪೇಟೆಯ ಧಾರಣೆ ಅನ್ವಯಿಸುವುದಿಲ್ಲ. ಕಾಣಿಕೆ ಕೊಟ್ಟು ಅಲ್ಲಿಗೆ ಮರೆಯುವುದು ಭಕ್ತಿ. ಪಕ್ಕದವನು ಕೂಗಿದ್ದಕ್ಕಿಂತ ಎಂಟಾಣೆ ಹೆಚ್ಚು ಕೂಗುವುದು ಭಕ್ತಿಯೋ ಹಠವೋ, ಸಭಾಪಾಲಕರೂ ಅದನ್ನು ವಿಚಾರಿಸಲು ಹೋಗುವುದಿಲ್ಲ. ಚೀನಿಕಾಯಿ ಮೇಜಿಗೆ ಬಂದಾಗ ಬೊಂಬಾಯಿಯಿಂದ ರಜೆಗೆ ಬಂದಿದ್ದ ಒಬ್ಬರು 3 ರೂಪಾಯಿ ಎಂದರು. ಮರದ ಡಿಪೋದಲ್ಲಿ ದಿನಗೂಲಿಗೆ ಸೇರಿದ್ದ ಅಪ್ಪ 4 ಎಂದರು. ಹೆಂಗಸರ ಸಾಲಿನಿಂದ ಅಮ್ಮ ಕೆಮ್ಮಿದಳು. ಅಪ್ಪನಿಗೆ ಅದು ಹುರಿದುಂಬಿಸುವ ಕೆಮ್ಮಿನ ಹಾಗೆ ಕೇಳಿಸಿತು. ಕೆಮ್ಮು ಜೋರಾದಷ್ಟೂ ದರ ಏರಿತು. ಒಂದು ಸರ್ತಿ, ಎರಡು ಸರ್ತಿ, ಮೂರು ಸರ್ತಿ: 11 ರೂಪಾಯಿಗೆ ನಮ್ಮ ಚೀನಿಕಾಯಿ ನಮಗೇ ಬಂತು.

ಹಿಂದಿರುಗುವಾಗ ಅದನ್ನು ಹೊತ್ತವರು ಅಪ್ಪ. ಮನೆ ತಲುಪುವ ತನಕ ಅಮ್ಮ ಮಾತಾಡಲಿಲ್ಲ. ಆಮೇಲೆ ವಾರವಿಡೀ ಚೀನಿಕಾಯಿ ಮಾತಾಡಿತು: ಹುಳಿ, ಪಲ್ಯ, ಗಟ್ಟಿ, ಸಿಪ್ಪೆಯ ಚಟ್ನಿ, ತಿರುಳು ಅರೆದು ಹಾಕಿದ ದೋಸೆ, ಉಪ್ಪು ಹಚ್ಚಿ ಹುರಿದ ಬೀಜ. ಊಟದ ಮುಂಚಿನ ಅಪ್ಪನ ಸ್ತೋತ್ರ ದಿನದಿನಕ್ಕೆ ಚಿಕ್ಕದಾಗುತ್ತ ಬಂದು ಐದನೇ ದಿನ ‘ಆಮೆನ್’ಗೆ ಇಳಿಯಿತು. “ಇದೊಂದು ಚೂರು ಬಿಸಾಡಬಹುದಲ್ಲ?” ಎಂದು ಅವರು ಕೇಳಿದಾಗ ಅಮ್ಮ ಉತ್ತರ ತಯಾರಿಟ್ಟಿದ್ದಳು. ಐದು ರೊಟ್ಟಿಯಿಂದ ಐದು ಸಾವಿರ ಮಂದಿಗೆ ಊಟ ಹಾಕಿದ ಯೇಸುಸ್ವಾಮಿ, ಬೇಕಾದರೆ ಮತ್ತೆ ಸೃಷ್ಟಿಸಬಹುದಿತ್ತು. ಆದರೂ ಉಳಿದ ತುಂಡುಗಳನ್ನು ಹಾಳುಮಾಡದೆ ಕೂಡಿಸಿ ಅಂತ ಶಿಷ್ಯರಿಗೆ ಹೇಳಿದ್ದೇಕೆ? ಹನ್ನೆರಡು ಪುಟ್ಟಿ ತುಂಬಿತಲ್ಲ! ಅದ್ಭುತ ಮಾಡಿದವನೇ ಪುಟ್ಟಿ ಹಿಡಿಸಿದ ಮೇಲೆ ದಿನಗೂಲಿಯವರದ್ದೇನು ದೌಲತ್ತು? ಈ ವಾಕ್ಯಕ್ಕೆ ಎದುರುವಾಕ್ಯ ನನಗಂತೂ ಇವತ್ತಿನವರೆಗೆ ಸಿಕ್ಕಿಲ್ಲ.

ಎಷ್ಟೋ ವರ್ಷ ಕಳೆದು, ಅಣ್ಣ ದುಬಾಯಿಗೆ ಹೋದ ಮೇಲೆ ಮನೆಗೆ ಫ್ರಿಜ್ ಬಂತು. ಅಪ್ಪನಿಗೆ ದೊಡ್ಡ ಪೇಚು. ಅದರೊಳಗೆ ಇಟ್ಟರೆ ಮನ್ನಕ್ಕೂ ಹುಳ ಬೀಳುವ ಹಾಗಿಲ್ಲ. ಅವರ ಮುಖ್ಯ ಆಧಾರವೇ ಕುಸಿದಿತ್ತು. ಕೆಲವು ದಿನ ಪುಟ ಮಗುಚಿ ಹುಡುಕಿ, ಕೊನೆಗೆ ಲೂಕನ ಸುವಾರ್ತೆಯ ಆ ಐಶ್ವರ್ಯವಂತನನ್ನು ಹಿಡಿದು ತಂದರು: ಕಣಜ ಕೆಡವಿ ಇನ್ನೂ ದೊಡ್ಡದು ಕಟ್ಟಿಸಲು ಯೋಚಿಸಿ, ಅದೇ ರಾತ್ರಿ ಸತ್ತವನು. ಓದಿ ಮುಗಿಸಿ ಫ್ರಿಜ್ ಕಡೆಗೊಮ್ಮೆ, ಅಮ್ಮನ ಕಡೆಗೊಮ್ಮೆ ನೋಡಿದರು.

ಅಮ್ಮ ಎದ್ದು ಫ್ರಿಜ್ ತೆರೆದು, ಮೊನ್ನೆಯ ಹುರುಳಿ ಸಾರಿನ ಪಾತ್ರೆ ತೆಗೆದು, ಬಿಸಿಮಾಡಲು ಇಟ್ಟು ಹೇಳಿದಳು: “ಅವನ ಕಣಜದಲ್ಲಿ ಇದಿತ್ತಾ ಕೇಳಿ. ಇದ್ದಿದ್ರೆ ಖರ್ಚು ಮಾಡಿ ಮುಗಿಸುವವರೆಗಾದ್ರೂ ಬದುಕ್ತಿದ್ದ.”