ಕಡಿಮೆ ಮಾಡಿ ಅಂದವರುಂಟೇ?

ಮಿಕ್ಸಿಂಗ್‌ಗೆ ಕೂತವರ ಹಿಂದೆ ನಿಂತು, 'ಸಾರ್, ನನ್ನದು ಸ್ವಲ್ಪ ಜಾಸ್ತಿ ಆಯ್ತು, ಇಳಿಸಿಬಿಡಿ' ಎಂದ ಕಲಾವಿದರು ಈ ತನಕ ಹುಟ್ಟಿಲ್ಲ. ತಬಲಾದವರಿಗೆ ತಬಲಾ ಕೇಳಿಸುವುದಿಲ್ಲ. ಕೊಳಲಿನವರಿಗೆ ಕೊಳಲು ಕೇಳಿಸುವುದಿಲ್ಲ. ಭಾವಗೀತೆಯಾದರಂತೂ ಕವಿಗಳೂ ಬಂದು ಕೂರುತ್ತಾರೆ. ಅವರಿಗೆ ಸಾಹಿತ್ಯವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿಸುತ್ತದೆ. ಎಲ್ಲರಿಗೂ ಮರ್ಯಾದೆ ಕೊಟ್ಟು ಒಬ್ಬೊಬ್ಬರದನ್ನೂ ಏರಿಸುತ್ತ ಹೋದರೆ ಫೇಡರ್‌ಗಳೆಲ್ಲ ನೆತ್ತಿ ಮುಟ್ಟುತ್ತವೆ. ಹಾಡು ಮಾತ್ರ ಮೊದಲು ಹೇಗಿತ್ತೋ ಹಾಗೇ, ಗದ್ದಲ ಸೇರಿಸಿಕೊಂಡು.

ಕೊಳಲು ಕೇಳಿಸದಿದ್ದರೆ ತಪ್ಪು ಕೊಳಲಿನದ್ದಲ್ಲ, ನೆರೆಹೊರೆಯದ್ದು. ನಮ್ಮ ಕಿವಿ ಬಲು ಚುರುಕಾಗಿರುವುದು ಸುಮಾರು 2000ದಿಂದ 5000 ಹರ್ಟ್ಸ್‌ವರೆಗೆ. ಗಾಯಕಿಯ ಉಚ್ಚಾರ, ಪಿಟೀಲು, ಗಿಟಾರು, ಕೀಬೋರ್ಡು ಎಲ್ಲಕ್ಕೂ ಅಲ್ಲೇ ಸೀಟು ಬೇಕು. ಕೆಳಗಡೆ ಡಗ್ಗಾಕ್ಕೂ ಬೇಸ್ ಗಿಟಾರಿಗೂ ಬೇರೆಯೇ ಜಗಳ. ಇಕ್ವಲೈಸರ್‌ನಲ್ಲಿ ಕೀಬೋರ್ಡಿನಿಂದ ಒಂದೆರಡು ಡೆಸಿಬೆಲ್ ಸದ್ದಿಲ್ಲದೆ ಕತ್ತರಿಸಿ ನೋಡಿ, ಕೊಳಲು ತಾನಾಗಿ ಮೇಲೆ ಬರುತ್ತದೆ. 'ಈಗ ಏರಿಸಿದಿರಿ ನೋಡಿ!' ಎಂದು ಕೊಳಲಿನವರು ಬೆನ್ನು ತಟ್ಟುತ್ತಾರೆ. ಆ ಹೊತ್ತಿಗೆ ಕೀಬೋರ್ಡಿನವರು ಕಾಫಿಗೆ ಹೋಗಿದ್ದರೆ ಕ್ಷೇಮ.

ಆಮೇಲೆ ನಿರ್ಮಾಪಕರ ಆಗಮನ. ಅವರನ್ನು ಮೆಚ್ಚಿಸುವುದು ಸುಲಭ: ಸ್ಪೀಕರಿನ ವಾಲ್ಯೂಮ್ ತಿರುಗಿಸಿದರೆ ಸಾಕು, 'ಆಹಾ, ಏನು ಬೇಸ್ ರೀ!' ಎನ್ನುತ್ತಾರೆ. ಈ ಮೋಸ ಹೊಸದಲ್ಲ. 1933ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ್ದರು: ಸದ್ದು ಸಣ್ಣದಿದ್ದಾಗ ತಗ್ಗಿನ ಸ್ವರಗಳು ಕಿವಿಗೆ ಅಷ್ಟಾಗಿ ಬೀಳುವುದಿಲ್ಲ, ಏರಿಸಿದಂತೆ ತುಂಬಿಕೊಳ್ಳುತ್ತವೆ. ಅದಕ್ಕೇ ಬಲ್ಲವರು ಸಣ್ಣ ಸದ್ದಿನಲ್ಲಿ ಮಿಕ್ಸ್ ಮಾಡುತ್ತಾರೆ. 1978ರಲ್ಲಿ ಮನೆಬಳಕೆಗೆಂದು ಬಂದ ಯಮಹಾ ಎನ್‌ಎಸ್-10 ಸ್ಪೀಕರು ಸ್ಟುಡಿಯೊಗಳಲ್ಲಿ ಠಿಕಾಣಿ ಹೂಡಿದ್ದೂ ಅದಕ್ಕೆ ಹೊಗಳಲು ಬಾರದು ಎಂಬ ಕಾರಣಕ್ಕೇ. ಅದರಲ್ಲಿ ಚೆನ್ನಾಗಿ ಕೇಳಿದ್ದು ಎಲ್ಲಿಯೂ ಚೆನ್ನಾಗಿ ಕೇಳುತ್ತದೆ ಎಂಬ ನಂಬಿಕೆ.

ಮಿಕ್ಸ್ ಮುಗಿದು ಮಾಸ್ಟರಿಂಗ್‌ಗೆ ಕಳಿಸುವಾಗ ನೋಡಿ, ನಮ್ಮವರ ಕೈ ತುರಿಸುತ್ತದೆ. ಹೋಗುವುದು ಹೋಗುತ್ತದೆ, ಜೋರಾಗೇ ಹೋಗಲಿ ಎಂದು ಮಾಸ್ಟರ್ ಚಾನೆಲ್ಲಿಗೊಂದು ಲಿಮಿಟರ್ ಜಡಿಯುತ್ತಾರೆ. ಅಲೆಗಳ ತಲೆಯೆಲ್ಲ ಸಪಾಟು. ಇನ್ನು ಮಾಸ್ಟರಿಂಗ್‌ನವರು ಮಾಡುವುದೇನು, ಆರತಿ ಎತ್ತಬೇಕೇ? ಅನ್ನಕ್ಕಿಟ್ಟ ಪಾತ್ರೆಯನ್ನು ಯಾರೂ ಕಂಠಮಟ್ಟ ತುಂಬಿಸುವುದಿಲ್ಲ. ಕುದಿಯಲು ಜಾಗ ಬೇಕು. ಲಿಮಿಟರ್ ತೆಗೆಯಿರಿ. ಅತಿ ಜೋರಿನ ಜಾಗವೂ ಮೈನಸ್ 6 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲಲಿ. 24 ಬಿಟ್ ವೇವ್ ಫೈಲು, ರೆಕಾರ್ಡ್ ಮಾಡಿದ ಸ್ಯಾಂಪಲ್ ರೇಟಿನಲ್ಲೇ. 48 ಕಿಲೋಹರ್ಟ್ಸ್‌ನಲ್ಲಿ ಹಾಡಿದ್ದನ್ನು 96ಕ್ಕೆ ಏರಿಸಿದರೆ ಕಂಠಸಿರಿಯೇನೂ ಇಮ್ಮಡಿಯಾಗದು. ಕೊನೆಯ ರಿವರ್ಬ್ ಪೂರ್ತಿ ಆರುವವರೆಗೆ ಕತ್ತರಿ ಆಡಿಸಬೇಡಿ. ವಾಟ್ಸಾಪಿನಲ್ಲಿ ಎಂಪಿ3 ಕಳಿಸಿ 'ಇದನ್ನೇ ಮಾಸ್ಟರ್ ಮಾಡಿಕೊಡಿ ಗುರುವೇ' ಎನ್ನುವವರಿಗೆ ನಮಸ್ಕಾರ, ದೂರದಿಂದಲೇ.

ಜೋರಿನ ಹುಚ್ಚು ನಮ್ಮ ಗಲ್ಲಿಗಷ್ಟೇ ಸೀಮಿತವಲ್ಲ. 2008ರಲ್ಲಿ ಬಂದ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಆಲ್ಬಂ ಹಿಂಡಿ ಹಿಪ್ಪೆಯಾಗಿತ್ತು. ಅವೇ ಹಾಡುಗಳು 'ಗಿಟಾರ್ ಹೀರೋ' ವಿಡಿಯೊ ಗೇಮಿನಲ್ಲಿ ಇದಕ್ಕಿಂತ ಚೆನ್ನಾಗಿ ಕೇಳುತ್ತವೆ ಎಂದು ಅಭಿಮಾನಿಗಳೇ ತಗಾದೆ ತೆಗೆದರು. ಈಗಂತೂ ಸ್ಪಾಟಿಫೈ ಮಾಮೂಲಿಯಾಗಿ ಎಲ್ಲ ಹಾಡುಗಳನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಅನಿಸುವ ಜೋರಿನ ಅಳತೆ) ಮಟ್ಟಕ್ಕೆ ತಂದು ನುಡಿಸುತ್ತದೆ. ಕಿರುಚಿಕೊಂಡು ಬಂದದ್ದರ ಕಿವಿ ಹಿಂಡಿ ಕೆಳಗೆ ಕೂರಿಸುತ್ತದೆ. ಜೋರೂ ಹೋಯಿತು, ಕತ್ತರಿಸಿದ ತಲೆಯೂ ಮರಳಿ ಬರಲಿಲ್ಲ.

ಕಡೆಯ ಮಾತು: ಫೈಲಿಗೆ ಹಾಡಿನ ಹೆಸರು, ತಾರೀಖು ಇಡಿ. 'ಫೈನಲ್' ಎಂದು ಮಾತ್ರ ಬರೆಯಬೇಡಿ. ಬರೆದ ಕೂಡಲೇ ನಿರ್ಮಾಪಕರ ಫೋನು: 'ಒಂದೇ ಒಂದು ಸಣ್ಣ ಚೇಂಜು ಸಾರ್, ನಮ್ಮ ಬಾಮೈದನದೊಂದು ಮೌತ್ ಆರ್ಗನ್ ಬಿಟ್ ಸೇರಿಸ್ಬೇಕಿತ್ತು.' ಸೇರಿಸೋಣ, ಅದಕ್ಕೇನಂತೆ! ಯಾರದನ್ನು ಇಳಿಸಬೇಕೋ ಅವರಿಗೆ ಫೋನು ಮಾಡಿ ಹೇಳುವ ಕೆಲಸವೊಂದನ್ನು ನಿರ್ಮಾಪಕರೇ ವಹಿಸಿಕೊಂಡರೆ ಸರಿ.