ಎರಡೂ ಕಡೆನಾ, ಒಂದೇ ಕಡೆನಾ?

ಸಂದರ್ಶನಕ್ಕೆ ಗೊತ್ತುಮಾಡಿದ್ದು ಬೆಳಿಗ್ಗೆ ಹತ್ತೂವರೆಗೆ. ಕನ್ನಡ ಮಾಸಿಕವೊಂದರ ವರದಿಗಾರ್ತಿ ಹತ್ತು ಇಪ್ಪತ್ತಕ್ಕೇ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿದ್ದಳು. ಆದರೂ ಕಾಯಬೇಕಾಯಿತು. ಮೆಷಿನ್ ಇನ್ನೂ ಬಿಸಿಯಾಗಿರಲಿಲ್ಲ.

“ಬಿಸಿಯಾಗದೆ ನಾನು ಬಾಯಿ ಬಿಡೋದಿಲ್ಲ,” ಎಂದಿತು ಜೆರಾಕ್ಸ್ ಮೆಷಿನ್, ಹಸಿರು ದೀಪ ಮಿಣುಕಿಸಿ.

ಕನ್ನಡ ಎಲ್ಲಿ ಕಲಿತಿರಿ ಎಂದು ಅವಳು ಬೆರಗಾದಳು. “ಕಲಿಯೋದೇನು ಬಂತು ಮೇಡಂ? ಯಾವ ಭಾಷೆಯ ಹಾಳೆ ಇಟ್ಟರೆ ಆ ಭಾಷೆ. ಅರ್ಥ ಮಾಡಿಕೊಳ್ಳಲೇಬೇಕು ಅನ್ನೋ ನಿಯಮ ನಮ್ಮ ಕಸುಬಿನಲ್ಲಿಲ್ಲ. ವರ್ಷಗಟ್ಟಲೆ ಅರ್ಥಶಾಸ್ತ್ರ ನುಂಗಿದ್ದೇನೆ, ಒಂದು ಪರೀಕ್ಷೆಯನ್ನೂ ಬರೆದಿಲ್ಲ.”

ದೇಶದ ಕೃತಿಸ್ವಾಮ್ಯದ ಚರ್ಚೆಯನ್ನೇ ಅಲುಗಾಡಿಸಿದ ಆ ಮೊಕದ್ದಮೆಯ ಮೆಷಿನ್ ಇದೇನೋ, ಅದರ ತಮ್ಮನೋ ಗೊತ್ತಾಗಲಿಲ್ಲ. ಮೂಲ ಯಾವುದು, ನಕಲು ಯಾವುದು ಎಂದು ಕೇಳುವುದು ಆ ಕುಲದಲ್ಲಿ ಅಸಭ್ಯತೆಯಂತೆ. ಹೆಸರಿನ ವಿಷಯದಲ್ಲೂ ಅದಕ್ಕೆ ಸಂಕೋಚ. ಜೆರಾಕ್ಸ್ ಎಂಬುದು ಒಂದು ಕಂಪನಿಯ ಟ್ರೇಡ್‌ಮಾರ್ಕ್. ಅದನ್ನು ಕ್ರಿಯಾಪದ ಮಾಡಬೇಡಿ ಎಂದು ಆ ಕಂಪನಿ ದಶಕಗಳಿಂದ ಜಾಹೀರಾತು ಕೊಟ್ಟು ಕೇಳಿಕೊಳ್ಳುತ್ತಲೇ ಇದೆ. “ನಿಮ್ಮ ಊರಲ್ಲಿ ಯಾರಾದರೂ ‘ಛಾಯಾಪ್ರತಿ ಮಾಡಿಸಿಕೊಂಡು ಬಾ’ ಅಂತ ಮಗನನ್ನು ಕಳಿಸಿದ್ದುಂಟಾ?” ಎಂದು ಮೆಷಿನ್ ಕೇಳಿತು. ವರದಿಗಾರ್ತಿಗೆ ಅಂಥವರು ಒಬ್ಬರೂ ನೆನಪಾಗಲಿಲ್ಲ.

ಮೊದಲ ಪ್ರಶ್ನೆಯನ್ನು ಅವಳು ನೇರವಾಗಿಯೇ ಕೇಳಿದಳು. ನೀವು ಕಳ್ಳತನಕ್ಕೆಂದೇ ಹುಟ್ಟಿದವರಾ?

ಒಳಗಿನ ಫ್ಯಾನ್ ಒಂದಿಷ್ಟು ಜೋರಾಯಿತು. “ನಮ್ಮ ಮೂಲಪುರುಷನ ಕಥೆ ಕೇಳಿ, ಆಮೇಲೆ ನೀವೇ ಹೇಳಿ. ನ್ಯೂಯಾರ್ಕಿನ ಚೆಸ್ಟರ್ ಕಾರ್ಲ್‌ಸನ್. ಹಗಲು ಒಂದು ಕಂಪನಿಯ ಪೇಟೆಂಟ್ ವಿಭಾಗದಲ್ಲಿ ಕೆಲಸ, ರಾತ್ರಿ ಕಾನೂನು ಕಾಲೇಜು. ಪುಸ್ತಕ ಕೊಳ್ಳೋಕೆ ದುಡ್ಡಿಲ್ಲ. ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಕಾನೂನು ಪುಸ್ತಕಗಳನ್ನು ಪುಟಗಟ್ಟಲೆ ಕೈಯಲ್ಲೇ ಬರೆದುಕೊಳ್ಳುತ್ತಿದ್ದ. ಕೀಲುನೋವು ಬೇರೆ. ಈ ಕೈಗೆ ಬಿಡುಗಡೆ ಬೇಕು ಅಂತ ಹಟ ಹಿಡಿದ.”

ಹಟ ಕೈಗೂಡಿದ್ದು 1938ರ ಅಕ್ಟೋಬರ್ 22ರಂದು, ಆಸ್ಟೋರಿಯಾ ಬಡಾವಣೆಯ ಒಂದು ಬಾಡಿಗೆ ಕೋಣೆಯಲ್ಲಿ. ಗಂಧಕ ಬಳಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿ ವಿದ್ಯುತ್ತು ತುಂಬಿಸಿದರು. ಗಾಜಿನ ಮೇಲೆ ಬರೆದ ಅಕ್ಷರಗಳನ್ನು ಅದರ ಮೇಲಿಟ್ಟು ದೀಪ ಹಾಯಿಸಿದರು. ಬೆಳಕು ಬಿದ್ದಲ್ಲಿ ವಿದ್ಯುತ್ತು ಹೋಯಿತು, ಅಕ್ಷರದ ನೆರಳಿದ್ದಲ್ಲಿ ಉಳಿಯಿತು. ಮೇಲೆ ಉದುರಿಸಿದ ಪುಡಿ ಉಳಿದಲ್ಲಿಗೇ ಅಂಟಿಕೊಂಡಿತು. ಮೇಣದ ಕಾಗದ ಒತ್ತಿ ಎತ್ತಿದಾಗ ಆ ದಿನದ ತಾರೀಕು ಮತ್ತು ಊರಿನ ಹೆಸರು ಮೂಡಿದ್ದವು. ಇಂದಿಗೂ ಮೆಷಿನ್ನಿನ ಹೊಟ್ಟೆಯಲ್ಲಿ ನಡೆಯುವುದು ಸ್ಥೂಲವಾಗಿ ಇದೇ. ಇದನ್ನು ಹಿಡಿದು ಕಾರ್ಲ್‌ಸನ್ ಐಬಿಎಂ, ಕೊಡಕ್ ಸೇರಿ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳ ಮೆಟ್ಟಿಲು ಹತ್ತಿದ. ಯಾರಿಗೂ ಬೇಡವಾಯಿತು.

“ನೋಡಿದ್ರಾ?” ಎಂದಿತು ಮೆಷಿನ್. “ಪುಸ್ತಕ ಕೊಳ್ಳಲಾಗದ ವಿದ್ಯಾರ್ಥಿಯ ನೋಯುವ ಕೈ ನಾನು. ಅದೇ ಕಾರಣಕ್ಕೆ ನನ್ನನ್ನು ಕೋರ್ಟಿಗೆ ಎಳೆದರು.”

ಕಣ್ಣೀರಿನ ಕಥೆ ಚೆನ್ನಾಗಿದೆ ಎನಿಸಿದರೂ ವರದಿಗಾರ್ತಿ ಕರಗಲಿಲ್ಲ. ಆ ಕೈಯಿಂದ ಒಂದು ಕಂಪನಿ ಭಾಗ್ಯವಂತವಾಯಿತಲ್ಲ ಎಂದು ಕೆಣಕಿದಳು. ಅದನ್ನು ಮೆಷಿನ್ ಅಲ್ಲಗಳೆಯಲಿಲ್ಲ. 1959ರ ಸೆಪ್ಟೆಂಬರ್ 16ರಂದು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಲೋಕದ ಮುಂದೆ ಬಂದ ಜೆರಾಕ್ಸ್ 914ರ ತೂಕ 648 ಪೌಂಡು, ಅಂದರೆ ಮೂರು ಕ್ವಿಂಟಾಲಿಗೆ ತುಸು ಕಡಿಮೆ. ಕೊಳ್ಳುವ ಬೆಲೆ ಕೇಳಿದರೆ ಕಚೇರಿಗಳು ಓಡಿಹೋಗುತ್ತವೆಂದು ತಿಂಗಳಿಗೆ 95 ಡಾಲರ್ ಬಾಡಿಗೆಗೆ ಕೊಟ್ಟರು. ಮೊದಲ 2000 ಪ್ರತಿ ಅದರಲ್ಲೇ, ಆಮೇಲೆ ಪ್ರತಿಯೊಂದಕ್ಕೂ ಲೆಕ್ಕ. ಜನ ಎರಡು ಸಾವಿರಕ್ಕೆ ನಿಲ್ಲಲಿಲ್ಲ, ಕಂಪನಿ ಕೊಬ್ಬಿತು. ಬಿಸಿ ಹೆಚ್ಚಾದರೆ ಒಳಗಿನ ಕಾಗದಕ್ಕೇ ಬೆಂಕಿ ಹತ್ತುತ್ತಿತ್ತು, ಹಾಗಾಗಿ ಜೊತೆಗೊಂದು ಪುಟ್ಟ ಅಗ್ನಿಶಾಮಕ. ಅದನ್ನು ಅಗ್ನಿಶಾಮಕ ಎಂದು ಕರೆದರೆ ಗಿರಾಕಿ ಹೆದರುತ್ತಾನೆಂದು ‘ಕಮರು ನಿವಾರಕ’ ಎಂಬರ್ಥದ ಸಭ್ಯ ಹೆಸರಿಟ್ಟರು.

“ನಿಜವಾದ ಬೆಂಕಿ ಹೊತ್ತಿದ್ದು ಪ್ರಕಾಶಕರ ಹೊಟ್ಟೆಯಲ್ಲಿ,” ಎಂದು ಅದು ಗುರುಗುಟ್ಟಿತು. “ಅದಕ್ಕೆ ಯಾವ ನಿವಾರಕವೂ ಇರಲಿಲ್ಲ.”

ಹಳೆಯ ವ್ಯಾಜ್ಯಗಳ ಪಟ್ಟಿ ಅದರ ನಾಲಿಗೆಯ ತುದಿಯಲ್ಲೇ ಇತ್ತು. ವೈದ್ಯಕೀಯ ಪತ್ರಿಕೆಗಳ ಪ್ರಕಾಶಕರೊಬ್ಬರು ಅಮೆರಿಕ ಸರ್ಕಾರದ ಗ್ರಂಥಾಲಯಗಳ ಮೇಲೆ ಹೂಡಿದ ದಾವೆ 1975ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ನಾಲ್ಕಕ್ಕೆ ನಾಲ್ಕಾಗಿ ಸಮನಾಯಿತು. ಕಿಂಕೋಸ್ ಎಂಬ ಜೆರಾಕ್ಸ್ ಅಂಗಡಿಗಳ ಸರಣಿ ಮಾತ್ರ 1991ರಲ್ಲಿ ಸೋತಿತು. ಪಾಠಕ್ಕೆಂದು ಒಟ್ಟುಮಾಡಿದ ಐದು ಕೋರ್ಸ್ ಪ್ಯಾಕುಗಳಲ್ಲಿದ್ದ ಹನ್ನೆರಡು ಆಯ್ದ ಭಾಗಗಳಿಗೆ 5,10,000 ಡಾಲರ್ ದಂಡ. ಆ ತೀರ್ಪಿನ ಮಾತು ಬಂದಾಗ ಮೆಷಿನ್ನಿನ ದನಿ ತಗ್ಗಿತು.

ಆಮೇಲೆ ದೆಹಲಿ.

2012ರ ಆಗಸ್ಟಿನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಪ್ರಕಾಶನಗಳು ಮತ್ತು ಟೇಲರ್ ಅಂಡ್ ಫ್ರಾನ್ಸಿಸ್ ಸೇರಿ ಇಲ್ಲಿನ ರಾಮೇಶ್ವರಿ ಫೋಟೋಕಾಪಿ ಸರ್ವೀಸಸ್ ಅಂಗಡಿ ಮತ್ತು ದೆಹಲಿ ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿದವು. ಅಧ್ಯಾಪಕರು ಕೊಟ್ಟ ಪಟ್ಟಿಯಂತೆ ಬೇರೆ ಬೇರೆ ಪುಸ್ತಕಗಳಿಂದ ಒಂದೊಂದು ಅಧ್ಯಾಯ ತೆಗೆದು, ಒಟ್ಟಾಗಿ ಬೈಂಡ್ ಮಾಡಿ ವಿದ್ಯಾರ್ಥಿಗಳಿಗೆ ಮಾರಿದ್ದು ಅಪರಾಧ. ಪುಟಕ್ಕೆ 40 ಪೈಸೆ. ಕೇಳಿದ ಪರಿಹಾರ 60 ಲಕ್ಷ ರೂಪಾಯಿ.

ವರದಿಗಾರ್ತಿ ಮೊಬೈಲಿನಲ್ಲಿ ಲೆಕ್ಕ ಹಾಕಿದಳು. ಕಾಗದ, ಟೋನರ್, ಕರೆಂಟು ಯಾವುದರ ಖರ್ಚೂ ಕಳೆಯದೆ, ಗಲ್ಲಾಪೆಟ್ಟಿಗೆಗೆ ಬಿದ್ದ ಪ್ರತಿ ಪೈಸೆಯನ್ನೂ ಸುರಿದರೂ ಒಂದೂವರೆ ಕೋಟಿ ಪುಟ ನಕಲು ಮಾಡಬೇಕಿತ್ತು.

“ಅಷ್ಟೊತ್ತಿಗೆ ನನ್ನ ಡ್ರಮ್ಮು ಸ್ವರ್ಗ ಸೇರಿರುತ್ತಿತ್ತು,” ಎಂದಿತು ಮೆಷಿನ್.

ಪ್ರಕಾಶಕರದೂ ನ್ಯಾಯವೇ ಅಲ್ಲವೇ? ಸಂಪಾದಕರ ಸಂಬಳ, ಅಚ್ಚಿನ ಖರ್ಚು, ಮಾರದೆ ಗೋದಾಮಿನಲ್ಲಿ ಕೊಳೆಯುವ ಪ್ರತಿಗಳು, ಇವನ್ನೆಲ್ಲ ಭರಿಸುವವರು ಯಾರು? ಪರವಾನಗಿ ಸಂಸ್ಥೆಯ ಮೂಲಕ ಶುಲ್ಕ ಕಟ್ಟಿ ನಕಲು ಮಾಡಿ ಎಂದಷ್ಟೇ ಅಲ್ಲವೇ ಅವರು ಹೇಳಿದ್ದು? ಮೆಷಿನ್ ನೇರ ಉತ್ತರ ಕೊಡದೆ ಲೇಖಕರನ್ನು ಮುಂದೆ ತಂದಿತು. ಯಾರ ಹಕ್ಕು ಕಾಪಾಡಲು ದಾವೆ ಹೂಡಿದ್ದೆಂದು ಹೇಳಲಾಯಿತೋ ಅವರಲ್ಲೇ ಹಲವರು ನಮ್ಮ ಪುಟಗಳನ್ನು ಓದಲು ಬಿಡಿ ಎಂದು ಪ್ರಕಾಶಕರಿಗೆ ಬರೆದರು. ಹಿಂದೆ ಇದೇ ಸ್ಕೂಲಿನಲ್ಲಿ ಪಾಠ ಹೇಳಿದ್ದ ಅಮರ್ತ್ಯ ಸೇನ್ ಕೂಡ ದಾವೆ ಬೇಡವೆಂದು ಕೇಳಿಕೊಂಡರು. ವಿದ್ಯಾರ್ಥಿಗಳು ಸಂಘ ಕಟ್ಟಿ ಮೊಕದ್ದಮೆಗೆ ಸೇರಿಕೊಂಡರು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಓದಿದ ಶಮ್ನಾದ್ ಬಶೀರ್ ಅಧ್ಯಾಪಕರ ಸಂಘಟನೆಯೊಂದರ ಕಡೆಯಿಂದ ನಿಂತರು. ಅಷ್ಟರಲ್ಲಿ ಅಕ್ಟೋಬರಿನ ತಡೆಯಾಜ್ಞೆ ಬಂದು ಕೋರ್ಸ್ ಪ್ಯಾಕ್ ನಿಂತಿತ್ತು.

ಏಕಸದಸ್ಯ ಪೀಠದ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ತೀರ್ಪು ಕೊಟ್ಟದ್ದು 2016ರ ಸೆಪ್ಟೆಂಬರ್ 16ರಂದು. ಜೆರಾಕ್ಸ್ 914 ಲೋಕಕ್ಕೆ ಮುಖ ತೋರಿಸಿದ ದಿನದಿಂದ ಸರಿಯಾಗಿ 57 ವರ್ಷ. “ಹುಟ್ಟುಹಬ್ಬದ ಉಡುಗೊರೆ,” ಎಂದಿತು ಮೆಷಿನ್. ಆ ದಿನ ಯಾರೂ ಅದನ್ನು ಗಮನಿಸಲಿಲ್ಲ ಎಂಬ ಕೊರಗು ಅದಕ್ಕೆ ಇನ್ನೂ ಇದೆ.

1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್ನಿನಲ್ಲಿ, ಪಾಠದ ಕ್ರಮದಲ್ಲಿ ಶಿಕ್ಷಕರೋ ವಿದ್ಯಾರ್ಥಿಯೋ ಮಾಡಿಕೊಳ್ಳುವ ನಕಲು ಉಲ್ಲಂಘನೆಯಲ್ಲ ಎಂದಿದೆ. ಪಾಠವೆಂದರೆ ತರಗತಿಯ ನಾಲ್ಕು ಗೋಡೆಯೊಳಗೆ ನಡೆಯುವುದಷ್ಟೇ ಎಂದು ಪ್ರಕಾಶಕರು ವಾದಿಸಿದರು. ನ್ಯಾಯಮೂರ್ತಿಗಳು ಒಪ್ಪಲಿಲ್ಲ. ತೀರ್ಪಿನ ನಡುವೆ ತಮ್ಮ ವಿದ್ಯಾರ್ಥಿ ದಿನಗಳನ್ನೂ ನೆನೆದರು. ಆಗ ಗೆಳೆಯರು ಸರದಿಯ ಮೇಲೆ ಗ್ರಂಥಾಲಯದಲ್ಲಿ ಕೂತು ಅಧ್ಯಾಯಗಳನ್ನು ಕೈಯಲ್ಲಿ ಬರೆದು, ಕಾರ್ಬನ್ ಹಾಕಿ ಪ್ರತಿ ತೆಗೆಯುತ್ತಿದ್ದರಂತೆ. ಅಂದಿನ ಮೆಷಿನ್ನುಗಳಿಗೆ ದಪ್ಪ ಪುಸ್ತಕ ಕೊಟ್ಟರೆ ಹೊಲಿಗೆ ಬಿಚ್ಚದೆ ನಕಲು ಬರುತ್ತಿರಲಿಲ್ಲವಂತೆ. ಕೈಯಲ್ಲಿ ಬರೆದರೆ ತಪ್ಪಲ್ಲದ್ದು ಮೆಷಿನ್ನಿನಲ್ಲಿ ಮಾಡಿದರೆ ತಪ್ಪಾಗುವುದು ಹೇಗೆ ಎಂಬುದು ಅವರ ತರ್ಕ. ಕಾನೂನು ಪುಸ್ತಕವನ್ನು ಕೈಯಲ್ಲಿ ಇಳಿಸಿಕೊಳ್ಳುತ್ತಿದ್ದ ಕಾರ್ಲ್‌ಸನ್ ಇದ್ದಿದ್ದರೆ ಎದ್ದು ನಿಂತು ನಮಸ್ಕರಿಸುತ್ತಿದ್ದನೇನೋ.

ಡಿಸೆಂಬರಿನಲ್ಲಿ ವಿಭಾಗೀಯ ಪೀಠ ಸಣ್ಣದೊಂದು ಬ್ರೇಕ್ ಹಾಕಿತು. ಇಷ್ಟು ಪುಟದವರೆಗೆ ಸರಿ ಎಂಬ ಗೆರೆಯನ್ನು ಅದೂ ಎಳೆಯಲಿಲ್ಲ. ಆದರೆ ಪಾಠಕ್ಕೆ ಅಷ್ಟೆಲ್ಲ ನಕಲು ಬೇಕಿತ್ತೇ ಎಂಬುದು ವಿಚಾರಣೆಯಲ್ಲಿ ಸಾಬೀತಾಗಲಿ, ಅಲ್ಲಿಯವರೆಗೆ ಅಂಗಡಿ ಲೆಕ್ಕ ಕೊಡುತ್ತಿರಲಿ ಎಂದಿತು. ಪ್ರಕಾಶಕರು ವಿಚಾರಣೆಗೆ ನಿಲ್ಲದೆ 2017ರ ಮಾರ್ಚಿನಲ್ಲಿ ದಾವೆ ಹಿಂತೆಗೆದುಕೊಂಡರು. ಪರವಾನಗಿ ಸಂಸ್ಥೆಯ ಮೇಲ್ಮನವಿಯನ್ನು ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ಗೆದ್ದಿರಲ್ಲ, ಇನ್ನೇನು ಕೊರಗು?

“ಗೆದ್ದದ್ದು ಶಿಕ್ಷಕರು, ವಿದ್ಯಾರ್ಥಿಗಳು. ನನಗೆ ಸಿಕ್ಕಿದ್ದು ಇಷ್ಟೇ,” ಎಂದು ಅದು ಖಾಲಿ ಟ್ರೇ ತೋರಿಸಿತು. “ಈಗ ಅಧ್ಯಾಯ ಹಿಡಿದು ಬರುವವರು ಎಷ್ಟು ಮಂದಿ? ಎಲ್ಲ ಪಿಡಿಎಫ್. ಸರ್ಕಾರವೂ ಆ ದಾರಿಗೇ ಬಂತು. ‘ಒಂದು ದೇಶ, ಒಂದು ಚಂದಾ’ ಅಂತ ಮೂರು ವರ್ಷಕ್ಕೆ 6000 ಕೋಟಿ, ಮೂವತ್ತು ಪ್ರಕಾಶಕರ ಹದಿಮೂರು ಸಾವಿರದಷ್ಟು ಪತ್ರಿಕೆಗಳಿಗೆ. ಲೇಖನ ಬರೆದವರಿಗೆ ಆ ಪತ್ರಿಕೆಗಳು ಸಂಭಾವನೆ ಕೊಡೋದಿಲ್ಲ, ತಿದ್ದಿ ತೂಗಿದ ವಿದ್ವಾಂಸರಿಗೂ ಕೊಡೋದಿಲ್ಲ. ಅವರ ಸಂಬಳ ಸರ್ಕಾರದ್ದು, ಚಂದಾನೂ ಸರ್ಕಾರದ್ದು. ಕಳ್ಳ ಮಾತ್ರ ನಲವತ್ತು ಪೈಸೆಯವನು!”

ವರದಿಗಾರ್ತಿಗೆ ಈ ಏಟು ಇಷ್ಟವಾಯಿತು. ಆದರೆ ಅದು ಪತ್ರಿಕೆಗಳ ಲೆಕ್ಕ, ಪುಸ್ತಕಗಳದ್ದಲ್ಲ. ವಾದದ ಬಿಸಿಯಲ್ಲಿ ಮೆಷಿನ್ನು ಎರಡನ್ನೂ ಒಂದೇ ಟ್ರೇಗೆ ತುಂಬಿದ್ದನ್ನು ಅವಳು ಗುರುತು ಹಾಕಿಕೊಂಡಳು.

ಕೃತಕ ಬುದ್ಧಿಮತ್ತೆಯ ಹೆಸರೆತ್ತಿದ್ದೇ ತಡ, ಮೆಷಿನ್ನಿನ ಎಲ್ಲ ದೀಪಗಳೂ ಒಟ್ಟಿಗೆ ಹೊತ್ತಿಕೊಂಡವು. ಇದೇ ದೆಹಲಿ ಹೈಕೋರ್ಟಿನಲ್ಲಿ 2024ರ ನವೆಂಬರಿನಿಂದ ಎಎನ್‌ಐ ಸುದ್ದಿಸಂಸ್ಥೆ ಮತ್ತು ಓಪನ್‌ಎಐ ನಡುವೆ ವ್ಯಾಜ್ಯ. ಕೋರ್ಟಿನ ನೆರವಿಗೆ ನೇಮಕಗೊಂಡ ಇಬ್ಬರು ಅಮಿಕಸ್ ಕ್ಯೂರಿಗಳಲ್ಲಿ ಒಬ್ಬರು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಅರುಲ್ ಜಾರ್ಜ್ ಸ್ಕಾರಿಯಾ. ಅಮೆರಿಕದಲ್ಲಿ ಆಂಥ್ರೋಪಿಕ್ ಕಂಪನಿಯ ಪ್ರಕರಣದಲ್ಲಿ 2025ರಲ್ಲಿ ನ್ಯಾಯಾಧೀಶರು ಎರಡು ಗೀಟು ಎಳೆದರು. ದುಡ್ಡು ಕೊಟ್ಟು ಕೊಂಡ ಪುಸ್ತಕಗಳ ಬೆನ್ನು ಕತ್ತರಿಸಿ, ಸ್ಕ್ಯಾನ್ ಮಾಡಿ, ಮೂಲವನ್ನು ಎಸೆದು ಯಂತ್ರಕ್ಕೆ ಕಲಿಸಿದ್ದು ನ್ಯಾಯಸಮ್ಮತ. ಕಳ್ಳ ಜಾಲತಾಣಗಳಿಂದ ಇಳಿಸಿ ರಾಶಿ ಹಾಕಿಕೊಂಡದ್ದು ಅಲ್ಲ. ಕಂಪನಿ 150 ಕೋಟಿ ಡಾಲರಿಗೆ ರಾಜಿಯಾಯಿತು, ಪುಸ್ತಕಕ್ಕೆ ಹೆಚ್ಚುಕಡಿಮೆ 3000 ಡಾಲರಿನಂತೆ.

“ನಾನು ಬೈಂಡಿಂಗ್ ಬಿಚ್ಚದೆ ನಕಲು ಮಾಡೋಕೆ ಕಲಿಯಲು ಎಷ್ಟು ದಶಕ ಬೇಕಾಯಿತು ಗೊತ್ತಾ?” ಎಂದಿತು ಅದು. “ಈ ಹೊಸ ಹುಡುಗ ಬೆನ್ನೇ ಕತ್ತರಿಸ್ತಾನೆ. ಅವನನ್ನು ಬುದ್ಧಿವಂತ ಅಂತಾರೆ. ನನ್ನನ್ನು ನೋಡಿದ್ರೆ ‘ಟೋನರ್ ಖಾಲಿನಾ?’ ಅಂತಾರೆ.”

ಇದು ಹೊಟ್ಟೆಕಿಚ್ಚಲ್ಲವೇ ಎಂದರೆ ಅಲ್ಲವಂತೆ. ಸಾಕ್ಷಿಗೆ ಮೆಷಿನ್ ಎಳೆದು ತಂದದ್ದು ಯಾರನ್ನು ಎನ್ನುತ್ತೀರಿ? ಅತ್ತಿಮಬ್ಬೆಯನ್ನು.

“ಹತ್ತನೇ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಓಲೆಗರಿಯಲ್ಲಿ ಬರೆಸಿ ಹಂಚಿದಳಲ್ಲ, ನಿಮ್ಮೂರಿನ ಮಹಾತಾಯಿ? ಬರೆದವರ ಕೈ ಎಷ್ಟು ನೊಂದಿತ್ತೋ! ಆಕೆಗೆ ದಾನಚಿಂತಾಮಣಿ ಅನ್ನೋ ಬಿರುದು. ನಮ್ಮ ಅಂಗಡಿಗೆ ಒಂದನೇ ಪ್ರತಿವಾದಿ ಅನ್ನೋ ಬಿರುದು. ಮಾಡಿದ ಕೆಲಸ ಒಂದೇ.”

ವರದಿಗಾರ್ತಿ ಪೆನ್ನು ಕೆಳಗಿಟ್ಟಳು. ಕೆಲಸ ಒಂದೇ ಅಲ್ಲ ಎಂದಳು. ಅತ್ತಿಮಬ್ಬೆ ಲಿಪಿಕಾರರನ್ನು ಸಾಕಿದಳು, ರನ್ನನಂಥ ಕವಿಗೂ ಆಶ್ರಯ ಕೊಟ್ಟಳು. ಪ್ರತಿಯನ್ನು ಹಂಚಿದ ಕೈಯೇ ಕವಿಯನ್ನೂ ಪೊರೆಯಿತು. ಸಾವಿರ ವರ್ಷ ಕಳೆದರೂ ಕನ್ನಡ ಪುಸ್ತಕದ ಮೊದಲ ಮುದ್ರಣ ಸಾವಿರ ಪ್ರತಿ ದಾಟುವುದು ಅಪರೂಪ, ಎಷ್ಟೋ ಸಲ ಅದೂ ಇಲ್ಲ. ಅಷ್ಟನ್ನು ಅಚ್ಚು ಹಾಕಿಸಿದ ಪುಟ್ಟ ಪ್ರಕಾಶಕರು ಆಕ್ಸ್‌ಫರ್ಡಿನವರಲ್ಲ. ಕೋರ್ಟಿಗೆ ಹೋಗಲು ಅವರಿಗೆ ಆಟೋ ಚಾರ್ಜಿಗೂ ಯೋಚನೆ. ಆ ಸಾವಿರದಲ್ಲಿ ಒಂದನ್ನು ಯಾರೋ ತಂದು ನಿಮ್ಮ ಗಾಜಿನ ಮೇಲೆ ಬೋರಲು ಹಾಕಿ, ಒಂದು ಅಧ್ಯಾಯವನ್ನಲ್ಲ, ರಕ್ಷಾಪುಟದಿಂದ ಬೆನ್ನುಡಿಯವರೆಗೆ ನಲವತ್ತು ಪ್ರತಿ ತೆಗೆಸುತ್ತಾರೆ. ಇಲ್ಲವೇ ಪಿಡಿಎಫ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿ ‘ಜ್ಞಾನ ಹಂಚಿದರೆ ಹೆಚ್ಚುತ್ತದೆ’ ಎಂದು ಕೈಮುಗಿಯುತ್ತಾರೆ. ಅಲ್ಲಿ ಪಾಠವೂ ಇಲ್ಲ, 52ನೇ ಸೆಕ್ಷನ್ನೂ ಇಲ್ಲ. ಆಗ ಬರೆದವನಿಗೆ ಕೊಡುವವರು ಯಾರು?

ಮೆಷಿನ್ ಒಮ್ಮೆ ಉಸಿರೆಳೆದುಕೊಂಡಿತು. ಒಳಗೆಲ್ಲೋ ಕರಕರ ಸದ್ದು. ಕೆಂಪು ದೀಪ ಹತ್ತಿತು.

ಪೇಪರ್ ಜಾಮ್.

ಅಂಗಡಿಯ ಹುಡುಗ ಓಡಿಬಂದ. ಪಕ್ಕದ ಬಾಗಿಲು ತೆಗೆದು, ಹಸಿರು ಹಿಡಿ ತಿರುಗಿಸಿ, ಬೀಸಣಿಗೆಯಂತೆ ಮಡಿಸಿಹೋಗಿದ್ದ ಹಾಳೆಯೊಂದನ್ನು ಮೆಲ್ಲಗೆ ಎಳೆದ. ಯಾರದೋ ಆಧಾರ್ ಕಾರ್ಡಿನ ನಕಲು, ಮುಖ ಅರ್ಧ ಮಸಿ. ಬಾಗಿಲು ತಟ್ಟಿ ಮುಚ್ಚಿ, ವರದಿಗಾರ್ತಿಯ ಕೈಯಲ್ಲಿದ್ದ ಟಿಪ್ಪಣಿಗಳತ್ತ ಕೈ ಚಾಚಿದ.

“ಕೊಡಿ ಮೇಡಂ. ಎರಡೂ ಕಡೆನಾ, ಒಂದೇ ಕಡೆನಾ?”