ಬೈಟೂ ಪ್ರಸ್ತಾಪ

ಅಕ್ಕನ ಮಗ ಹನ್ನೊಂದು ದಿನದಿಂದ ಒಂದೇ ವಾಕ್ಯ ಬರೆಯುತ್ತಿದ್ದಾನೆ. ಬರೆಯುತ್ತಾನೆ, ಅಳಿಸುತ್ತಾನೆ, ಫೋನು ಕವುಚಿಟ್ಟು ಹೋಗಿ ಫ್ರಿಜ್ ತೆಗೆದು ನೋಡುತ್ತಾನೆ. ಅಲ್ಲಿರುವುದು ನಿನ್ನೆಯ ಹುಳಿ. ಮತ್ತೆ ಬಂದು ಬರೆಯುತ್ತಾನೆ.

ಬಂಬಲ್‌ನಲ್ಲಿ ಒಬ್ಬ ಹುಡುಗಿ ಸಿಕ್ಕಿದ್ದಾಳೆ. ಮೊದಲ ಭೇಟಿಗೆ ಕರೆಯಬೇಕು. 2014ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಆ್ಯಪ್ ಹೆಸರು ಮಾಡಿದ್ದೇ ಮೊದಲ ಮಾತು ಹೆಣ್ಣಿನದು ಎಂಬ ನಿಯಮದಿಂದ. 24 ಗಂಟೆಯೊಳಗೆ ಆಕೆ ಬಾಯಿಬಿಡದಿದ್ದರೆ ಜೋಡಿ ಮಾಯ. ಆಕೆ ಬಿಟ್ಟಳು: "ಫೋಟೋದಲ್ಲಿರೋ ನಾಯಿ ನಿಮ್ಮದಾ?" ನಾಯಿ ಪಕ್ಕದ ಮನೆಯದು, ಹಾಗೆಂದು ಒಪ್ಪಿಕೊಂಡದ್ದರಿಂದಲೇ ಮಾತು ಬೆಳೆಯಿತಂತೆ. ಆದರೆ ಕಾಫಿಗೆ ಕರೆಯುವುದಕ್ಕೆ ಯಾರೂ ಗಡುವು ಇಟ್ಟಿಲ್ಲ. ಗಡುವಿಲ್ಲದ ಕೆಲಸ ನಮ್ಮ ವಂಶದಲ್ಲಿ ಆದದ್ದಿಲ್ಲ.

"ಡೇಟ್‌ಗೆ ಬರ್ತೀರಾ ಅಂತ ಕೇಳಿಬಿಡೋ" ಅಂದೆ. ಕರುಣೆಯಿಂದ ನೋಡಿದ. ನಿಜ, ನಮ್ಮಲ್ಲಿ ಡೇಟ್ ಕೊಡುವವರು ಇಬ್ಬರೇ: ಸಿನಿಮಾ ಹೀರೋ ಮತ್ತು ಕೋರ್ಟು. ಎರಡು ಕಡೆಯೂ ಅದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ನೀವು-ನೀನುಗಳ ತಕರಾರು ಬೇರೆ. ಆಕೆ ಎರಡು ಸಲ 'ನೀನು' ಅಂದು ಮತ್ತೆ 'ನೀವು'ಗೆ ಮರಳಿದ್ದಾಳೆ, ಇವನು ಎರಡೂ ತಗಲದ ಹಾಗೆ "ಊಟ ಆಯ್ತಾ?" ಎಂದೇ ದಿನ ದೂಡಿದ್ದಾನೆ.

ಜಾಗಕ್ಕೆ ನಾನು ವಿದ್ಯಾರ್ಥಿ ಭವನ ಸೂಚಿಸಿದೆ. 1943ರಿಂದ ಇರುವ ಹೋಟೆಲು, ಅದರ ದೋಸೆಗೆ ಬೇಡ ಅನ್ನುವವರುಂಟೆ?

"ಮಾಮ, ಅಲ್ಲಿ ಎದುರಿಗೆ ಇನ್ನಿಬ್ಬರು ಕೂತಿರ್ತಾರೆ."

ಹೌದಲ್ಲ. ಕೈಮೇಲೆ ದೋಸೆಗಳ ಗೋಪುರ ಹೊತ್ತು ಬರುವ ಮಾಣಿ, ಸೀಟಿಗೆ ಕಾದವರ ನಿಟ್ಟುಸಿರು; ನಡುವೆ ಎದುರಿನ ಯಜಮಾನರು ಚಟ್ನಿ ಸುರಿದುಕೊಳ್ಳುತ್ತ "ಯಾವ ಕಡೆಯೋರು?" ಅಂದರೆ ಮುಗಿಯಿತು, ಡೇಟು ಹೋಗಿ ಹೆಣ್ಣು ನೋಡುವ ಶಾಸ್ತ್ರವಾಗುತ್ತದೆ. ಮೇಲಾಗಿ ಆಕೆಯ ಮನೆ ವೈಟ್‌ಫೀಲ್ಡು. ನೇರಳೆ ಮಾರ್ಗದಲ್ಲಿ ಬಂದು, ಮೆಜೆಸ್ಟಿಕ್‌ನಲ್ಲಿ ಹಸಿರಿಗೆ ಬದಲಾಯಿಸಿ, ನ್ಯಾಷನಲ್ ಕಾಲೇಜಿನಲ್ಲಿ ಇಳಿದು ಬಾ ಅನ್ನುವುದು ಕಟ್ಟಿಕೊಂಡ ಹೆಂಡತಿಗೂ ಹೇಳುವ ಮಾತಲ್ಲ. ಎಂ.ಜಿ. ರಸ್ತೆ ಎಂದು ಇತ್ಯರ್ಥವಾಯಿತು. ನಾಲ್ಕು ಜನ ಓಡಾಡುವ ಜಾಗ. ಬೇಸರವಾದರೆ ಆಕೆ ತಕ್ಷಣ ಮೆಟ್ರೋ ಹತ್ತಬಹುದು.

1992ರಲ್ಲಿ ನಾನು ತಿಪಟೂರಿಗೆ ಹೆಣ್ಣು ನೋಡಲು ಹೋದಾಗ ಕೇಳುವುದನ್ನೆಲ್ಲ ದೊಡ್ಡಪ್ಪನೇ ಕೇಳಿದರು. ನಾನು ಬಾಯಿಬಿಟ್ಟದ್ದು ಒಮ್ಮೆ: "ಇನ್ನೊಂಚೂರು ಉಪ್ಪಿಟ್ಟು." ಅದನ್ನೇ ಒಪ್ಪಿಗೆ ಎಂದು ತಿಳಿದು ಲಗ್ನ ಗೊತ್ತುಮಾಡಿದರು. ಇಂಥವನ ಹತ್ತಿರ ಸಲಹೆ ಕೇಳುತ್ತಾನಲ್ಲ, ಹುಡುಗ.

ಕೊನೆಗೆ ಅಡುಗೆಮನೆಯಿಂದ ಆ ಉಪ್ಪಿಟ್ಟಿನಾಕೆಯೇ ಕೂಗಿ ಹೇಳಿದಳು: "ಬೈಟೂ ಕಾಫಿ ಕುಡಿಯೋಣ್ವಾ ಅಂತ ಕೇಳೋ!"

ನನಗೇಕೆ ಹೊಳೆಯಲಿಲ್ಲವೋ. ಒಂದು ಕಾಫಿ, ಎರಡು ಲೋಟ. ಇಷ್ಟವಾಗದಿದ್ದರೆ ನಾಲ್ಕು ಗುಟುಕಿಗೆ ಮುಗಿಯುತ್ತದೆ, ಇಷ್ಟವಾದರೆ ಇನ್ನೊಂದು ಬೈಟೂ. ಒಬ್ಬರೇ ಹೋಗಿ ಕೇಳುವಂಥದ್ದೂ ಅಲ್ಲ. ನೀವು ಬೇಡ, ನೀನು ಬೇಡ, 'ಕುಡಿಯೋಣ್ವಾ'ದೊಳಗೆ ಇಬ್ಬರೂ ಆಗಲೇ ಕೂತಾಯಿತು.

ಕಳಿಸಿದ. ಫ್ರಿಜ್ಜು ಮೂರು ಸಲ ತೆರೆಯಿತು. ನಲವತ್ತು ನಿಮಿಷಕ್ಕೆ ಉತ್ತರ ಬಂತು: "ನಾನು ಕಾಫಿ ಕುಡಿಯಲ್ಲ. ಟೀ ಆದ್ರೆ ನಂಗೆ ಫುಲ್ಲೇ ಬೇಕು."

"ಮಾಮ, ಇದು ಹೂಂ ಅಂತಾನಾ, ಊಹೂಂ ಅಂತಾನಾ?"

ನಾನು ಇಸ್ತ್ರಿಪೆಟ್ಟಿಗೆ ಹುಡುಕಲು ಎದ್ದೆ.